ಮಿಲೇನಿಯಮ್ ಟವರ್: ಓಸಿ ಸಿಕ್ಕಿತು, ಪ್ರಶಸ್ತಿಯೂ ಬಂತು, ಕಟ್ಟಡ ಇಳಿಯುತ್ತಲೇ ಇತ್ತು

2009ರ ಫೆಬ್ರವರಿ. ಸ್ಯಾನ್ ಫ್ರಾನ್ಸಿಸ್ಕೋ ನಗರದ ಮಿಷನ್ ಸ್ಟ್ರೀಟ್ 301ರಲ್ಲಿ ಮಿಲೇನಿಯಮ್ ಟವರ್ ಎಂಬ 58 ಅಂತಸ್ತಿನ ಅಪಾರ್ಟ್‌ಮೆಂಟ್ ಕೆಲಸ ಮುಗಿಯುವ ಹಂತದಲ್ಲಿತ್ತು. ಇನ್ನೂ ಯಾರೂ ಮನೆಗೆ ಬಂದಿರಲಿಲ್ಲ. ಆಗ ನಗರದ ಕಟ್ಟಡ ತಪಾಸಣಾ ಇಲಾಖೆಯಿಂದ ಎಂಜಿನಿಯರ್‌ಗಳಿಗೆ ಒಂದು ಪತ್ರ ಹೋಯಿತು. ಅಂದುಕೊಂಡದ್ದಕ್ಕಿಂತ ಹೆಚ್ಚು ಇಳಿತ (ಕಟ್ಟಡ ನೆಲದೊಳಕ್ಕೆ ಕೂರುವುದು) ಕಾಣುತ್ತಿದೆ, ಕಾರಣವೇನು, ಮುಂದೆ ಎಷ್ಟಾಗಬಹುದು ಎಂದು ಇಲಾಖೆ ಕೇಳಿತ್ತು. ಕಟ್ಟಡದ ಆಯುಷ್ಯಕ್ಕೆಲ್ಲ ಸೇರಿಸಿ ಲೆಕ್ಕ ಹಾಕಿದ್ದ ಇಳಿತ 4ರಿಂದ 6 ಇಂಚು. ಪತ್ರ ಬರೆಯುವ ಹೊತ್ತಿಗೇ ಅದು 8 ಇಂಚು ದಾಟಿತ್ತು. ಕಟ್ಟಡ ಸುರಕ್ಷಿತವಾಗಿದೆ ಎಂಬುದು ನಮ್ಮ ವೃತ್ತಿಪರ ಅಭಿಪ್ರಾಯ ಎಂದು ಎಂಜಿನಿಯರ್‌ಗಳು ಉತ್ತರ ಕೊಟ್ಟರು. ಕಡತ ಮುಂದೆ ಹೋಯಿತು. ಅದೇ ವರ್ಷ ವಾಸಯೋಗ್ಯ ಪ್ರಮಾಣಪತ್ರ, ನಮ್ಮಲ್ಲಿ ಓಸಿ ಅನ್ನುವುದು, ಕೈಗೆ ಬಂತು.

ಆ ಒಂದು ಪತ್ರವನ್ನೂ ಉತ್ತರವನ್ನೂ ಮುಂದಿಟ್ಟುಕೊಂಡು ನೋಡಿದರೆ ಇಡೀ ಪ್ರಕರಣ ಬಿಚ್ಚಿಕೊಳ್ಳುತ್ತದೆ. ಸರಿಯಾದ ಪ್ರಶ್ನೆಯನ್ನು ಸರಿಯಾದ ಸಮಯದಲ್ಲಿ ಕೇಳಲಾಗಿತ್ತು. ಆದರೆ ಅದಕ್ಕೆ ಲೆಕ್ಕದ ಉತ್ತರ ಬರುವವರೆಗೆ ಓಸಿ ತಡೆಹಿಡಿಯಬೇಕು ಎಂಬ ನಿಯಮ ಆ ಊರಿನಲ್ಲಿ ಇರಲಿಲ್ಲ.

ಕಟ್ಟಡ ಮತ್ತು ಅದರ ಕೆಳಗಿನ ನೆಲ

ಎತ್ತರ 645 ಅಡಿ, ಅಂದರೆ 197 ಮೀಟರ್. ಪಕ್ಕದ ಚಿಕ್ಕ ಕಟ್ಟಡವೂ ಸೇರಿ ಒಟ್ಟು 419 ಮನೆಗಳು. ನಿರ್ಮಾಣ ವೆಚ್ಚ ಸುಮಾರು 35 ಕೋಟಿ ಡಾಲರ್. ಮಿಲೇನಿಯಮ್ ಪಾರ್ಟ್‌ನರ್ಸ್ ಡೆವಲಪರ್, ಹ್ಯಾಂಡೆಲ್ ಆರ್ಕಿಟೆಕ್ಟ್ಸ್ ವಿನ್ಯಾಸ, ಡಿಸಿಮೋನ್ ಸಂಸ್ಥೆಯ ಸ್ಟ್ರಕ್ಚರಲ್ ಎಂಜಿನಿಯರಿಂಗ್, ಟ್ರೆಡ್‌ವೆಲ್ ಆ್ಯಂಡ್ ರೋಲೋ ಅವರ ಮಣ್ಣು ಪರೀಕ್ಷೆ, ವೆಬ್‌ಕೋರ್ ಗುತ್ತಿಗೆದಾರರು. ಎಲ್ಲರೂ ಹೆಸರಿದ್ದವರೇ. ಕಟ್ಟಡಕ್ಕೆ ರಚನೆಯ ಎಂಜಿನಿಯರಿಂಗ್ ಮತ್ತು ನಿರ್ಮಾಣದ ಗುಣಮಟ್ಟಕ್ಕಾಗಿ ಹಲವು ಉದ್ಯಮ ಪ್ರಶಸ್ತಿಗಳು ಬಂದವು.

ಭೂಕಂಪದ ಊರಿನಲ್ಲಿ ಇಷ್ಟು ಎತ್ತರದ ಕಟ್ಟಡಕ್ಕೆ ಉಕ್ಕಿನ ಚೌಕಟ್ಟು ಹಾಕುವುದು ಹಳೆಯ ರೂಢಿ. ಇಲ್ಲಿ ಆರಿಸಿಕೊಂಡದ್ದು ಕಾಂಕ್ರೀಟ್. ಮನೆಗಳಿಗೆ ಕಾಂಕ್ರೀಟ್ ಒಳ್ಳೆಯದು. ಸ್ಲ್ಯಾಬ್ ತೆಳುವಾಗಿರುತ್ತದೆ, ಅಷ್ಟೇ ಎತ್ತರದಲ್ಲಿ ಹೆಚ್ಚು ಅಂತಸ್ತು ಸಿಗುತ್ತದೆ, ಗಾಳಿಗೆ ಓಲಾಟ ಕಡಿಮೆ, ಪಕ್ಕದ ಮನೆಯ ಸದ್ದು ಕೇಳದು. ಇದಕ್ಕೆಲ್ಲ ತೆರಬೇಕಾದ ಬೆಲೆ ತೂಕ. ಉಕ್ಕಿನ ಕಟ್ಟಡಕ್ಕಿಂತ ಇದು ತುಂಬ ಭಾರ.

ಈ ಭಾರ ಕೂತದ್ದು ಎಂಥ ನೆಲದ ಮೇಲೆ? ಮಿಷನ್ ಮತ್ತು ಫ್ರೆಮಾಂಟ್ ರಸ್ತೆಗಳು ಸೇರುವ ಈ ಮೂಲೆಯಲ್ಲಿ ಹತ್ತೊಂಬತ್ತನೇ ಶತಮಾನದ ನಡುವಿನವರೆಗೂ ಕೊಲ್ಲಿಯ ನೀರಿತ್ತು. ಚಿನ್ನದ ಹುಚ್ಚಿನ ಕಾಲದಲ್ಲಿ ಮಣ್ಣು, ಮರಳು, ಕಸಕಡ್ಡಿ ಸುರಿದು ದಡವನ್ನು ಮುಂದಕ್ಕೆ ತಳ್ಳಿದರು. ಮೇಲಿನಿಂದ ಕೆಳಕ್ಕೆ ಇಳಿದರೆ ಮೊದಲು ಈ ತುಂಬಿದ ಮಣ್ಣು, ಅದರಡಿ ಮೆತ್ತನೆಯ ಕೊಲ್ಲಿಯ ಕೆಸರು, ಆಮೇಲೆ ಕೋಲ್ಮಾ ಎಂದು ಕರೆಯುವ ಗಟ್ಟಿ ಮರಳಿನ ಪದರ, ಅದರಡಿ ಹಳೆಯ ಕೊಲ್ಲಿಯ ಜೇಡಿಮಣ್ಣಿನ ದಪ್ಪ ಪದರ. ಬಂಡೆ ಸಿಗುವುದು ಸುಮಾರು 250 ಅಡಿಗೆ.

ಅಡಿಪಾಯ ಹೀಗಿತ್ತು: 10 ಅಡಿ ದಪ್ಪದ ಕಾಂಕ್ರೀಟ್ ರಾಫ್ಟ್ (ಕಟ್ಟಡದ ಅಡಿಯೆಲ್ಲ ಹರಡಿದ ಚಪ್ಪಡಿ), ಅದರ ಕೆಳಗೆ 14 ಇಂಚು ಚೌಕದ, ಮೊದಲೇ ಎರಕ ಹೊಯ್ದು ತಂದ ನೆಲದೊಳಕ್ಕೆ ಇಳಿಸುವ ಕಂಬಗಳಾದ ಸುಮಾರು 950 ಕಾಂಕ್ರೀಟ್ ಪೈಲ್‌ಗಳು. ಅವನ್ನು ಬಡಿದು ನೆಲಮಟ್ಟದಿಂದ 60ರಿಂದ 90 ಅಡಿ ಆಳಕ್ಕೆ, ಕೋಲ್ಮಾ ಮರಳಿನೊಳಕ್ಕೆ ಇಳಿಸಿದ್ದರು. ಪೈಲ್ ತುದಿಗೂ ಬಂಡೆಗೂ ನಡುವೆ 150 ಅಡಿಗಿಂತ ಹೆಚ್ಚು ಮಣ್ಣು ಉಳಿಯಿತು. ಅದರಲ್ಲಿ ಬಹುಪಾಲು ಜೇಡಿ.

ಮರಳಿನವರೆಗಿನ ಪೈಲ್ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಹೊಸದೇನೂ ಆಗಿರಲಿಲ್ಲ. ಆ ಪೇಟೆಯಲ್ಲಿ ಎಷ್ಟೋ ಕಟ್ಟಡಗಳು ಹಾಗೇ ನಿಂತಿವೆ, ಚೆನ್ನಾಗಿಯೇ ಇವೆ. ಆದರೆ ಅವು ಹೆಚ್ಚಾಗಿ ಇದಕ್ಕಿಂತ ಗಿಡ್ಡ, ಇದಕ್ಕಿಂತ ಹಗುರ. ಹತ್ತಿರದಲ್ಲೇ ಆಮೇಲೆ ಎದ್ದ 1,070 ಅಡಿಯ ಸೇಲ್ಸ್‌ಫೋರ್ಸ್ ಟವರ್‌ನ ಅಡಿಪಾಯ ಬಂಡೆಯವರೆಗೆ ಹೋಗಿದೆ.

ಒಂದು ಪೈಲ್ ಪಾಸಾದರೆ 950 ಪಾಸಾಗುವುದಿಲ್ಲ

ಪೈಲ್ ಕೆಲಸ ನೋಡಿದವರಿಗೆ ಲೋಡ್ ಟೆಸ್ಟ್ ಗೊತ್ತು. ಒಂದು ಪೈಲಿನ ತಲೆಯ ಮೇಲೆ ಜ್ಯಾಕ್ ಇಟ್ಟು, ವಿನ್ಯಾಸದ ಭಾರಕ್ಕಿಂತ ಹೆಚ್ಚು ಒತ್ತಿ, ಡಯಲ್ ಗೇಜಿನಲ್ಲಿ ಎಷ್ಟು ಮಿಲಿಮೀಟರ್ ಇಳಿಯಿತು ಎಂದು ಬರೆದುಕೊಳ್ಳುತ್ತಾರೆ. ಒಂದೆರಡು ದಿನದಲ್ಲಿ ಮುಗಿಯುತ್ತದೆ. ಗಟ್ಟಿ ಮರಳಿನಲ್ಲಿ ನಿಂತ ಒಂಟಿ ಪೈಲ್ ಇದರಲ್ಲಿ ಸಲೀಸಾಗಿ ಪಾಸಾಗುತ್ತದೆ, ಏಕೆಂದರೆ ಒಂಟಿ ಪೈಲಿನ ಒತ್ತಡ ತುದಿಯಿಂದ ಕೆಲವೇ ಅಡಿ ಕೆಳಗೆ ಹೋಗುವಷ್ಟರಲ್ಲಿ ಚದುರಿಹೋಗುತ್ತದೆ. ಕೆಳಗಿನ ಜೇಡಿಗೆ ಅದು ತಿಳಿಯುವುದೇ ಇಲ್ಲ.

950 ಪೈಲ್ ಒತ್ತೊತ್ತಾಗಿ ನಿಂತಾಗ ಲೆಕ್ಕ ಬೇರೆ. ಪೈಲುಗಳು ಮತ್ತು ಅವುಗಳ ನಡುವಿನ ಮಣ್ಣು ಸೇರಿ ಒಂದೇ ದೊಡ್ಡ ದಿಮ್ಮಿಯಂತೆ ವರ್ತಿಸುತ್ತವೆ. ಕಟ್ಟಡದ ಅಡಿಯಷ್ಟೇ ಅಗಲದ ಆ ದಿಮ್ಮಿಯ ಒತ್ತಡ, ಅಗಲಕ್ಕೆ ತಕ್ಕಂತೆ ಆಳಕ್ಕೂ ಇಳಿದು ಜೇಡಿಯ ಪದರವನ್ನು ಹಿಡಿಯುತ್ತದೆ. ಹಾಗಾಗಿ ಗುಂಪಿನ ಲೆಕ್ಕದಲ್ಲಿ ರಾಫ್ಟನ್ನೇ ಆಳದಲ್ಲಿ, ಪೈಲ್ ಉದ್ದದ ಮೂರನೇ ಎರಡು ಭಾಗದ ಹತ್ತಿರ ಇಟ್ಟಂತೆ ಭಾವಿಸಿ, ಅಲ್ಲಿಂದ ಕೆಳಗಿನ ಪ್ರತಿ ಪದರದ ಇಳಿತ ಕೂಡಿಸುತ್ತಾರೆ. ಈ ಕೂಡಿಕೆಯಲ್ಲಿ ದೊಡ್ಡ ಪಾಲು ಜೇಡಿಯದು.

ಜೇಡಿಯ ಸ್ವಭಾವವನ್ನು ಅಡುಗೆಮನೆಯಲ್ಲೇ ನೋಡಬಹುದು. ಗಟ್ಟಿ ಮೊಸರನ್ನು ಬಟ್ಟೆಯಲ್ಲಿ ಕಟ್ಟಿ ಮೇಲೆ ಗುಂಡುಕಲ್ಲು ಇಟ್ಟರೆ ನೀರು ಒಮ್ಮೆಲೇ ಸುರಿಯುವುದಿಲ್ಲ, ರಾತ್ರಿಯಿಡೀ ತೊಟ್ಟಿಕ್ಕುತ್ತದೆ. ಬೆಳಿಗ್ಗೆ ಗಂಟು ಅರ್ಧಕ್ಕೆ ಇಳಿದಿರುತ್ತದೆ. ಜೇಡಿಯ ಕಣಗಳ ನಡುವಿನ ನೀರು ಹೊರಗೆ ಹೋಗಲು ವರ್ಷಗಟ್ಟಲೆ, ದಪ್ಪ ಪದರವಾದರೆ ದಶಕಗಟ್ಟಲೆ ಬೇಕು. ಅದಕ್ಕೇ ಜೇಡಿಯ ಮೇಲಿನ ಕಟ್ಟಡ ಗೃಹಪ್ರವೇಶದ ದಿನ ನೇರವಾಗಿ ನಿಂತಿದ್ದರೆ ಅದರಿಂದ ತಿಳಿಯುವುದು ಬಹಳ ಕಡಿಮೆ. ಪ್ರಶಸ್ತಿಯ ತೀರ್ಪುಗಾರರು ನೋಡುವುದು ಹೆಚ್ಚುಕಡಿಮೆ ಅದೇ ದಿನದ ಕಟ್ಟಡವನ್ನು. ವಿನ್ಯಾಸದ ಚಾತುರ್ಯ, ನಿರ್ಮಾಣದ ಅಚ್ಚುಕಟ್ಟು, ಸಮಯಕ್ಕೆ ಮುಗಿಸಿದ್ದು, ಇವನ್ನೆಲ್ಲ ಆ ದಿನ ಅಳೆಯಬಹುದು. ಹತ್ತು ವರ್ಷದ ಇಳಿತದ ನಕ್ಷೆ ಅವರ ಮೇಜಿನ ಮೇಲೆ ಇರುವುದಿಲ್ಲ. ಪ್ರಶಸ್ತಿ ಸುಳ್ಳಲ್ಲ. ಅದನ್ನು ಸುರಕ್ಷತೆಯ ಸಾಕ್ಷಿ ಎಂದು ಬ್ರೋಷರ್‌ನಲ್ಲಿ ಓದಿಕೊಳ್ಳುವುದು ಕೊಳ್ಳುವವರು ಮಾಡುವ ತಪ್ಪು.

ಮಂಜೂರಾತಿಯಲ್ಲಿ ಯಾರು ಏನು ನೋಡಿದರು

ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ದೊಡ್ಡ ಕಟ್ಟಡಕ್ಕೆ ಒಂದೇ ಬಾರಿಗೆ ಪೂರ್ತಿ ಪರವಾನಗಿ ಸಿಗುವುದಿಲ್ಲ. ಯೋಜನಾ ಆಯೋಗ ಎತ್ತರ, ನೆರಳು, ಗಾಳಿ, ಸಂಚಾರ, ಬಳಕೆ ಇವನ್ನು ನೋಡುತ್ತದೆ. ಆಮೇಲೆ ಕಟ್ಟಡ ತಪಾಸಣಾ ಇಲಾಖೆ ಸೈಟ್ ಪರ್ಮಿಟ್ ಕೊಟ್ಟು, ಅಡಿಪಾಯ, ಚೌಕಟ್ಟು, ಹೊರಮೈ, ಪ್ಲಂಬಿಂಗ್ ಹೀಗೆ ಒಂದೊಂದಕ್ಕೂ ಪ್ರತ್ಯೇಕ ಅಡೆಂಡಮ್ (ಪೂರಕ ನಕ್ಷೆ) ಪರಿಶೀಲಿಸುತ್ತದೆ. ಮೇಲಿನ ಅಂತಸ್ತುಗಳ ನಕ್ಷೆ ಇನ್ನೂ ಪರಿಶೀಲನೆಯಲ್ಲಿರುವಾಗಲೇ ಕೆಳಗೆ ಅಗೆತ ಶುರುವಾಗಬಹುದು. ಸಮಯ ಉಳಿಯುತ್ತದೆ, ನಿಜ. ಆದರೆ ತೂಕದ ಲೆಕ್ಕ ಬದಲಾದರೆ ಅದು ಅಡಿಪಾಯದ ಕಡತಕ್ಕೆ ಮರಳಿ ಬರಲೇಬೇಕು ಎಂಬ ಕಟ್ಟುನಿಟ್ಟು ಇಲ್ಲದಿದ್ದರೆ ಎರಡು ಕಡತಗಳ ನಡುವೆ ಬಿರುಕು ಉಳಿಯುತ್ತದೆ.

ಇಂಥ ಕಟ್ಟಡಗಳಿಗೆ ಹೊರಗಿನ ತಜ್ಞರ ಪೀರ್ ರಿವ್ಯೂ ಕೂಡ ಇತ್ತು, ಈ ಕಟ್ಟಡಕ್ಕೂ ನಡೆಯಿತು. ಅದು ನೋಡಿದ್ದು ಭೂಕಂಪ ಬಂದಾಗ ಮೇಲಿನ ರಚನೆ ಹೇಗೆ ಅಲುಗಾಡುತ್ತದೆ ಎಂಬುದನ್ನು. 1989ರ ಲೋಮಾ ಪ್ರೀಟಾ ಭೂಕಂಪ ಕಂಡ ಊರು ಅದಕ್ಕೆ ಆದ್ಯತೆ ಕೊಡುವುದು ಸಹಜ. ಮಣ್ಣಿನ ವರದಿಯನ್ನು ಮತ್ತೊಬ್ಬ ಸ್ವತಂತ್ರ ಮಣ್ಣು ತಜ್ಞ ಓದಿ ಸಹಿ ಹಾಕುವ ವ್ಯವಸ್ಥೆ ಆ ಪರಿಶೀಲನೆಯ ಭಾಗವಾಗಿರಲಿಲ್ಲ. ಡೆವಲಪರ್ ನೇಮಿಸಿದ ಮಣ್ಣು ಸಲಹೆಗಾರರ ಸಂಖ್ಯೆಯೇ ಕೊನೆಯ ಸಂಖ್ಯೆಯಾಯಿತು. ಈ ಪ್ರಕರಣದಲ್ಲಿ ಅತಿ ದುಬಾರಿಯಾದ ಲೋಪ ಯಾವುದು ಎಂದರೆ ನಮ್ಮ ದೃಷ್ಟಿಯಲ್ಲಿ ಇದೇ. ಪೈಲ್ ಚಿಕ್ಕದಾಯಿತು, ಕಾಂಕ್ರೀಟ್ ಭಾರವಾಯಿತು ಎನ್ನುವುದೆಲ್ಲ ಅದರ ನಂತರದ್ದು. ಆ ಲೆಕ್ಕವನ್ನು ಇನ್ನೊಬ್ಬರು ಮೊದಲಿನಿಂದ ಮಾಡಿದ್ದರೆ ಕಾಗದದ ಮೇಲೆಯೇ ವಾದ ನಡೆಯುತ್ತಿತ್ತು.

ಪಕ್ಕದ ಗುಂಡಿ

2010ರಲ್ಲಿ ಪಕ್ಕದ ಜಾಗದಲ್ಲಿ ಹಳೆಯ ಬಸ್ ನಿಲ್ದಾಣ ಒಡೆದು ಹೊಸ ಟ್ರಾನ್ಸಿಟ್ ಸೆಂಟರ್ ಕೆಲಸ ಶುರುವಾಯಿತು. ಸುಮಾರು 60 ಅಡಿ ಆಳದ ಗುಂಡಿ. ಅಷ್ಟು ಆಳಕ್ಕೆ ಅಗೆಯಬೇಕಾದರೆ ಅಂತರ್ಜಲ ಎತ್ತಿ ಹಾಕಬೇಕು. ನೀರಿನ ಮಟ್ಟ ಇಳಿದರೆ ಮಣ್ಣಿನ ಕಣಗಳ ಮೇಲಿನ ನಿವ್ವಳ ಒತ್ತಡ ಏರುತ್ತದೆ. ಪ್ರತಿ 10 ಅಡಿ ನೀರು ಇಳಿದರೆ ಚದರ ಮೀಟರಿಗೆ ಸುಮಾರು 3 ಟನ್. ಮೇಲೆ ಎರಡು-ಮೂರು ಅಂತಸ್ತು ಹೆಚ್ಚಿಗೆ ಕಟ್ಟಿದಷ್ಟು ಹೊರೆ ಅದು, ಅದೂ ಒಂದು ಇಟ್ಟಿಗೆ ಇಡದೆಯೇ. ಇಳಿತ ಹೆಚ್ಚಲು ಈ ನೀರೆತ್ತುವಿಕೆಯೇ ಕಾರಣ ಎಂದು ಡೆವಲಪರ್ ವಾದಿಸಿದರು. ನಾವು ಗುಂಡಿ ತೋಡುವ ಮೊದಲೇ ಕಟ್ಟಡ 10 ಇಂಚು ಇಳಿದಿತ್ತು, ಬಂಡೆಯವರೆಗೆ ಇಳಿಯದ ಅಡಿಪಾಯವೇ ಮೂಲ ಎಂದು ಟ್ರಾನ್ಸಿಟ್ ಪ್ರಾಧಿಕಾರ ಉತ್ತರಿಸಿತು. ಗುಂಡಿಗೂ ಗೋಪುರಕ್ಕೂ ನಡುವೆ ಬಂಡೆಯವರೆಗಿನ ಕಾಂಕ್ರೀಟ್ ಕಂಬಗಳ ಆಸರೆ ಗೋಡೆಯನ್ನೂ ಪ್ರಾಧಿಕಾರ ಕಟ್ಟಿಸಿತ್ತು.

ಇಂಥ ವಾದ ತೀರಿಸಲು ಬೇಕಾದದ್ದು ತಾರೀಕು ಹಾಕಿದ ಎರಡು ಅಳತೆ ಪುಸ್ತಕ ಮಾತ್ರ: ಕಟ್ಟಡದ ಇಳಿತದ್ದು ಒಂದು, ಪೀಜೋಮೀಟರ್‌ನಲ್ಲಿ ನೋಡಿದ ನೀರಿನ ಮಟ್ಟದ್ದು ಇನ್ನೊಂದು. ಮೊದಲ ದಿನದಿಂದ ಎರಡನ್ನೂ ಒಂದೇ ಹಾಳೆಯಲ್ಲಿ ಗೀಚಿಟ್ಟಿದ್ದರೆ ವಕೀಲರ ಕೆಲಸ ಅರ್ಧ ಕಡಿಮೆಯಾಗುತ್ತದೆ. ಪಕ್ಕದ ಸೈಟಿನಲ್ಲಿ ಯಾರಾದರೂ ಬೇಸ್‌ಮೆಂಟ್ ತೋಡುತ್ತಿದ್ದಾರೆ ಎಂದಾಗ ಬೆಂಗಳೂರಿನ ಅಪಾರ್ಟ್‌ಮೆಂಟ್ ಸಂಘಗಳೂ ಮೊದಲು ಮಾಡಬೇಕಾದ ಕೆಲಸ ಇದು. ಅಗೆತ ಶುರುವಾಗುವ ಮೊದಲು ಕಂಬಗಳ ಮೇಲೆ ಲೆವೆಲ್ ಗುರುತು ಹಾಕಿಸಿ, ಇರುವ ಬಿರುಕುಗಳಿಗೆ ತಾರೀಕು ಸಹಿತ ಫೋಟೋ ತೆಗೆದಿಡಬೇಕು. ಆಮೇಲೆ ತೆಗೆದ ಫೋಟೋಗೆ ಬೆಲೆ ಕಡಿಮೆ.

ನಿವಾಸಿಗಳಿಗೆ ಗೊತ್ತಾದದ್ದು

ಸಾರ್ವಜನಿಕವಾಗಿ ವಿಷಯ ಹೊರಬಂದದ್ದು 2016ರ ಆಗಸ್ಟ್‌ನಲ್ಲಿ. ಆಗ ಇಳಿತ 16 ಇಂಚು, ಅಂದರೆ 40 ಸೆಂಟಿಮೀಟರ್. ಸಮವಾಗಿಯೂ ಇಳಿದಿರಲಿಲ್ಲ, ವಾಯವ್ಯದ ಮೂಲೆಗೆ ವಾಲಿತ್ತು. ಸಮವಾದ ಇಳಿತವನ್ನು ಕಟ್ಟಡ ಸಹಿಸುತ್ತದೆ, ತೊಂದರೆ ಬರುವುದು ಮೋರಿ ಪೈಪಿನ ಇಳಿಜಾರು ತಿರುಗಿದಾಗ, ಬಾಗಿಲ ಮುಂದಿನ ಹಾಸುಗಲ್ಲು ಮೇಲೆದ್ದಾಗ. ಅಸಮ ಇಳಿತ ಹಾಗಲ್ಲ. ಬುಡದ ಅಗಲಕ್ಕಿಂತ ಆರು ಪಟ್ಟು ಎತ್ತರದ ಕಟ್ಟಡದಲ್ಲಿ ಒಂದು ಅಂಚು 1 ಇಂಚು ಹೆಚ್ಚು ಇಳಿದರೆ ತುದಿ 6 ಇಂಚು ಆಚೆ ಹೋಗುತ್ತದೆ. 2018ರಲ್ಲಿ 36ನೇ ಅಂತಸ್ತಿನ ಒಂದು ಕಿಟಕಿಯ ಗಾಜು ಬಿರುಕುಬಿಟ್ಟಾಗ ಕೆಳಗಿನ ಕಾಲುದಾರಿಯನ್ನು ಮುಚ್ಚಬೇಕಾಯಿತು.

2016ರ ನವೆಂಬರ್‌ನಲ್ಲಿ ನಗರವೇ ಮೊಕದ್ದಮೆ ಹೂಡಿತು. ಇಳಿತದ ವಿಷಯ ತಿಳಿದೂ ಕೊಳ್ಳುವವರಿಗೆ ಹೇಳಲಿಲ್ಲ ಎಂಬುದು ಡೆವಲಪರ್ ಮೇಲಿದ್ದ ಆರೋಪ. ಮನೆ ಮಾಲೀಕರ, ಸಂಘದ, ಬಿಲ್ಡರ್‌ಗಳ, ಪ್ರಾಧಿಕಾರದ ದಾವೆಗಳೆಲ್ಲ ಗೋಜಲಾಗಿ ಕೊನೆಗೆ 2020ರಲ್ಲಿ ರಾಜಿಯಾಯಿತು. ದುರಸ್ತಿಗೆ ಸುಮಾರು 10 ಕೋಟಿ ಡಾಲರ್, ಜೊತೆಗೆ ಮಾಲೀಕರಿಗೆ ಪರಿಹಾರ.

ಇಲ್ಲಿ ಒಂದು ಹೋಲಿಕೆ ಹೇಳಲೇಬೇಕು, ಏಕೆಂದರೆ ಇದು ನಮ್ಮ ಮನೆಬಾಗಿಲಿನದು. ಕ್ಯಾಲಿಫೋರ್ನಿಯಾದಲ್ಲಿ ಒಳಗೆ ಅಡಗಿದ ನಿರ್ಮಾಣ ದೋಷಕ್ಕೆ 10 ವರ್ಷದವರೆಗೆ ದಾವೆ ಹೂಡಬಹುದು. ನಮ್ಮ ಸ್ಥಿರಾಸ್ತಿ ನಿಯಂತ್ರಣ ಕಾಯ್ದೆ ರೇರಾದ 14(3)ನೇ ಕಲಮಿನ ಪ್ರಕಾರ ರಚನಾ ದೋಷಕ್ಕೆ ಬಿಲ್ಡರ್ ಹೊಣೆ ಸ್ವಾಧೀನ ಕೊಟ್ಟ ದಿನದಿಂದ 5 ವರ್ಷ. ಮಿಲೇನಿಯಮ್ ಟವರಿನ ಸುದ್ದಿ ಹೊರಬಂದದ್ದು ಕಟ್ಟಡ ಮುಗಿದ ಏಳನೇ ವರ್ಷದಲ್ಲಿ. ಕೆರೆಯಂಗಳ ತುಂಬಿಸಿದ ಜಾಗದಲ್ಲೋ ಅಳಿವೆಯ ಪಕ್ಕದ ಮೆತ್ತನೆಯ ನೆಲದಲ್ಲೋ ಗೋಪುರ ಎದ್ದರೆ ಜೇಡಿಯ ಗಡಿಯಾರ ನಮ್ಮ ಐದು ವರ್ಷಕ್ಕೆ ನಿಲ್ಲುವುದಿಲ್ಲ. ಅಂಥ ಕಡೆ ಮನೆ ಕೊಳ್ಳುವವರು ಮಂಜೂರಾದ ನಕ್ಷೆ, ಸಿಸಿ, ಓಸಿ ಪ್ರಮಾಣಪತ್ರಗಳನ್ನು ನೋಡಿದ ಮೇಲೆ ಮಣ್ಣಿನ ವರದಿಯನ್ನೂ ಕೇಳಿ. ಬೋರ್‌ಹೋಲ್ ಎಷ್ಟು ಆಳಕ್ಕೆ ಹೋಗಿದೆ, ಪೈಲ್ ತುದಿಯ ಕೆಳಗೆ ಏನಿದೆ, ಒಟ್ಟು ಇಳಿತ ಮತ್ತು ಅಸಮ ಇಳಿತ ಎಷ್ಟೆಂದು ಬರೆದಿದ್ದಾರೆ, ಈವರೆಗೆ ಎಷ್ಟಾಗಿದೆ ಎಂದು ನೋಡಿ. ಕೊನೆಯ ಎರಡು ಸಂಖ್ಯೆಗಳು ಒಂದರ ಪಕ್ಕ ಒಂದು ಇಲ್ಲದಿದ್ದರೆ ವರದಿ ಅರ್ಧ ಮಾತ್ರ.

ದುರಸ್ತಿ, ಮತ್ತು ದುರಸ್ತಿಯೇ ತಂದ ಇಳಿತ

ರೊನಾಲ್ಡ್ ಹ್ಯಾಂಬರ್ಗರ್ ಎಂಬ ಎಂಜಿನಿಯರ್ ರೂಪಿಸಿದ ಉಪಾಯದ ತರ್ಕ ಸರಳ. ಕಟ್ಟಡ ವಾಲಿರುವ ಎರಡು ಬದಿಗೆ, ಉತ್ತರದ ಮಿಷನ್ ಸ್ಟ್ರೀಟ್ ಮತ್ತು ಪಶ್ಚಿಮದ ಫ್ರೆಮಾಂಟ್ ಸ್ಟ್ರೀಟ್ ಕಾಲುದಾರಿಗಳ ಕೆಳಗೆ, ಬಂಡೆಯವರೆಗೆ 52 ಹೊಸ ಪೈಲ್ ಇಳಿಸುವುದು. ಹಳೆಯ ರಾಫ್ಟನ್ನು ಹೊರಕ್ಕೆ ವಿಸ್ತರಿಸಿ ಈ ಪೈಲುಗಳ ಮೇಲೆ ತರುವುದು. ಒಂದಷ್ಟು ಭಾರ ಜೇಡಿಯಿಂದ ಬಂಡೆಗೆ ಹೋಗುತ್ತದೆ, ಆ ಎರಡು ಬದಿಯ ಇಳಿತ ನಿಲ್ಲುತ್ತದೆ. ಉಳಿದೆರಡು ಬದಿ ನಿಧಾನಕ್ಕೆ ಇಳಿಯುತ್ತ ಹೋದರೆ ವಾಲಿದ್ದು ತಾನೇ ಸ್ವಲ್ಪ ಸ್ವಲ್ಪ ನೆಟ್ಟಗಾಗುತ್ತದೆ.

ಪ್ರತಿ ಪೈಲಿಗೂ ಮೊದಲು 36 ಇಂಚು ವ್ಯಾಸದ ಹೊರ ಕೇಸಿಂಗ್ (ಹೊದಿಕೆಯ ಕೊಳವೆ) ಮೇಲಿನ ಪದರಗಳನ್ನು ದಾಟುವಷ್ಟು. ಅದರೊಳಗಿಂದ 24 ಇಂಚಿನ ಉಕ್ಕಿನ ಕೊಳವೆ ಸುಮಾರು 250 ಅಡಿ ಆಳದ ಬಂಡೆಗೆ. ಬಂಡೆಯೊಳಗೆ ಕೊರೆದು, ಕಬ್ಬಿಣ ಇಳಿಸಿ, ಕಾಂಕ್ರೀಟ್ ತುಂಬಬೇಕು. ಹೊರ ಕೇಸಿಂಗ್ ಏಕೆ ಎಂದರೆ, ಹೊಸ ಪೈಲ್ ಮೇಲಿನ ಮಣ್ಣಿಗೆ ಅಂಟಿಕೊಳ್ಳಬಾರದು. ಅಂಟಿಕೊಂಡರೆ ಭಾರ ಮತ್ತೆ ಅದೇ ಜೇಡಿಗೆ ಹೋಗುತ್ತದೆ.

ಪೈಲ್ ಕೆಲಸ ಶುರುವಾದದ್ದು 2021ರ ಮೇ ತಿಂಗಳಲ್ಲಿ. ಆಗಸ್ಟ್‌ನಲ್ಲಿ ನಿಲ್ಲಿಸಬೇಕಾಯಿತು. ಆ ಕೆಲವೇ ತಿಂಗಳಲ್ಲಿ ಕಟ್ಟಡ ಮತ್ತೆ 1 ಇಂಚು ಇಳಿದು, ತುದಿಯ ವಾಲುವಿಕೆ 22 ಇಂಚಿಗೆ ಹೋಗಿತ್ತು. ಕೇಸಿಂಗ್ ಇಳಿಸುವಾಗಿನ ಕಂಪನಕ್ಕೆ ಮಣ್ಣು ಅದುರಿ ಕೂರುತ್ತದೆ. ಜೊತೆಗೆ ಕೊಳವೆಯ ಗಾತ್ರಕ್ಕಿಂತ ಹೆಚ್ಚು ಮಣ್ಣು ಹೊರಗೆ ಬಂದರೆ ಸುತ್ತಲಿನ ಮಣ್ಣು ಆ ಖಾಲಿಗೆ ಜಾರುತ್ತದೆ. ಕೊರೆಯುವ ಸೈಟಿನಲ್ಲಿ ಇದನ್ನು ಹಿಡಿಯುವ ದಾರಿ ಒಂದೇ, ಪ್ರತಿ ರಂಧ್ರದಿಂದ ಬಂದ ಮಣ್ಣನ್ನು ಅಳೆದು ಕೊಳವೆಯ ಗಾತ್ರಕ್ಕೆ ಹೋಲಿಸುವುದು. ಕೊಳವೆಯೊಳಗೆ ನೀರಿನ ಮಟ್ಟ ಹೊರಗಿನದಕ್ಕಿಂತ ಮೇಲೆ ಇಟ್ಟುಕೊಳ್ಳಬೇಕು, ಕೊರೆಯುವ ತುದಿ ಕೊಳವೆಯ ಬಾಯಿಗಿಂತ ಮುಂದೆ ಹೋಗಬಾರದು. ದುರಸ್ತಿಗೆ ಬಂದ ಪೈಲ್ ಕಟ್ಟಡವನ್ನು ಇನ್ನಷ್ಟು ವಾಲಿಸಿತು ಎಂದು ಕೇಳಿ ಬೇಸರವಾಗದವರು ಯಾರು. ಆದರೆ ಅಲ್ಲಿ ಮೆಚ್ಚಬೇಕಾದ ಮಾತೊಂದಿದೆ: ಅಳತೆ ಕೆಟ್ಟಾಗ ಕೆಲಸ ನಿಂತಿತು. 2009ರಲ್ಲಿ ಹಾಗಾಗಿರಲಿಲ್ಲ.

2022ರ ಆರಂಭದಲ್ಲಿ ತುದಿ 26 ಇಂಚು ವಾಲಿತ್ತು, ವರ್ಷಕ್ಕೆ ಸುಮಾರು 3 ಇಂಚಿನಂತೆ ಹೆಚ್ಚುತ್ತಿತ್ತು. ಪ್ರತಿ ರಂಧ್ರವೂ ಒಂದಷ್ಟು ಕೆಡುಕು ಮಾಡುತ್ತದೆ ಎಂದ ಮೇಲೆ ರಂಧ್ರ ಕಡಿಮೆ ಮಾಡಿ ಒಂದೊಂದಕ್ಕೂ ಹೆಚ್ಚು ಭಾರ ಹೊರಿಸುವುದೇ ದಾರಿಯಾಯಿತು. 52 ಹೋಗಿ 18 ಆಯಿತು, ಮಿಷನ್ ಕಡೆ 6, ಫ್ರೆಮಾಂಟ್ ಕಡೆ 12.

ಭಾರ ವರ್ಗಾಯಿಸುವ ಕೆಲಸ ನಡೆದದ್ದು ಕಾಲುದಾರಿಯ ಕೆಳಗಿನ ಕಾಂಕ್ರೀಟ್ ಗುಂಡಿಗಳಲ್ಲಿ. ಹೊಸ ಪೈಲಿನ ತಲೆಯ ಮೇಲೆ ಹೈಡ್ರಾಲಿಕ್ ಜ್ಯಾಕ್, ಜ್ಯಾಕ್ ಮೇಲೆ ಅಡ್ಡ ಉಕ್ಕಿನ ತೊಲೆ, ಆ ತೊಲೆ ವಿಸ್ತರಿಸಿದ ರಾಫ್ಟಿಗೆ ಬೋಲ್ಟುಗಳಿಂದ ಬಿಗಿದದ್ದು. ಜ್ಯಾಕ್ ಒತ್ತಿದರೆ ಪೈಲ್ ಕೆಳಕ್ಕೆ, ರಾಫ್ಟ್ ಮೇಲಕ್ಕೆ. ಒಂದೊಂದಕ್ಕೆ 10 ಲಕ್ಷ ಪೌಂಡ್, ಅಂದರೆ ಸುಮಾರು 450 ಟನ್. ಹದಿನೆಂಟಕ್ಕೂ ಸೇರಿ 8,000 ಟನ್ನಿಗಿಂತ ಹೆಚ್ಚು. ಒಮ್ಮೆಲೇ ಏರಿಸುವಂತಿಲ್ಲ. ರಾಫ್ಟಿನ ಅಂಚಿಗೂ ಹಳೆಯ ಕಾಂಕ್ರೀಟಿಗೂ ಬೆಸೆದ ಜಾಗದಲ್ಲಿ ಬಿರುಕು ಬರದಂತೆ ಹಂತಹಂತವಾಗಿ ಒತ್ತಿ, ಅಳೆದು, ಬೀಗ ಹಾಕಿ ಮುಂದಿನದಕ್ಕೆ ಹೋಗಬೇಕು. 2023ರ ಮೊದಲ ತಿಂಗಳಲ್ಲಿ ಮಿಷನ್ ಬದಿ, ವರ್ಷದ ನಡುವಿನ ಹೊತ್ತಿಗೆ ಫ್ರೆಮಾಂಟ್ ಬದಿ ಮುಗಿಯಿತು. ತುದಿ ಒಂದು ಇಂಚಿನ ಆಸುಪಾಸು ಹಿಂದೆ ಬಂತು.

ಅಂಚುಗಳನ್ನು ಹಿಡಿದು ನಿಲ್ಲಿಸಿದರೆ ನಡುಭಾಗ ತಟ್ಟೆಯಂತೆ ಇಳಿಯಬಹುದು. ಹಾಗಾಗಿ ಇನ್ನು ಮುಂದೆ ವಾಲುವಿಕೆಯ ಜೊತೆಗೆ ರಾಫ್ಟಿನ ಮಧ್ಯದ ಮಟ್ಟವನ್ನೂ ಓದಬೇಕು. ಅಲ್ಲಿ ಬಾಗು ಹೆಚ್ಚಿದರೆ 10 ಅಡಿ ದಪ್ಪದ ಕಾಂಕ್ರೀಟಿನಲ್ಲೂ ಕಬ್ಬಿಣಕ್ಕೆ ಎಳೆತ ಏರುತ್ತದೆ.

ನಿಯಮದಲ್ಲಿ ಬಂದ ಬದಲಾವಣೆ

2017ರ ಕೊನೆಯಲ್ಲಿ ಸ್ಯಾನ್ ಫ್ರಾನ್ಸಿಸ್ಕೋ 240 ಅಡಿ ಮತ್ತು ಅದಕ್ಕಿಂತ ಎತ್ತರದ ಹೊಸ ಕಟ್ಟಡಗಳಿಗೆ ಹೊಸ ಮಾರ್ಗಸೂಚಿ ತಂದಿತು. ಪರಿಶೀಲನಾ ತಂಡದಲ್ಲಿ ಸ್ವತಂತ್ರ ಮಣ್ಣು ತಜ್ಞರು ಇರಲೇಬೇಕು. ಅಡಿಪಾಯವೂ ಇಳಿತದ ಅಂದಾಜೂ ಅವರ ಕೈಯಿಂದ ಹಾದುಹೋಗಬೇಕು. ಓಸಿ ಕೊಟ್ಟ ಮೇಲೂ 10 ವರ್ಷ ಇಳಿತ ಅಳೆದು ನಗರಕ್ಕೆ ವರದಿ ಕೊಡಬೇಕು. ನಮ್ಮ ನಗರಗಳ ಮಂಜೂರಾತಿಗೆ ಇದರಿಂದ ಒಂದನ್ನೇ ಆರಿಸಿ ತರುವುದಾದರೆ ಈ ಕೊನೆಯದನ್ನು ತರಬೇಕು. ಒಂದು ದೊಡ್ಡ ಗೋಪುರಕ್ಕೆ ವರ್ಷಕ್ಕೆ ಎರಡು ಬಾರಿ ಲೆವೆಲ್ ಓದಿಸುವ ಖರ್ಚು ಅದರ ಕ್ಲಬ್‌ಹೌಸಿನ ವರ್ಷದ ನಿರ್ವಹಣೆಯ ಖರ್ಚಿನ ಮುಂದೆ ಏನೂ ಅಲ್ಲ. ಓದಿದ ಸಂಖ್ಯೆಯನ್ನು ಸಂಘದ ನೋಟಿಸ್ ಬೋರ್ಡಿನಲ್ಲಿ, ಮೊದಲ ಅಂದಾಜಿನ ಪಕ್ಕದಲ್ಲೇ ಹಾಕಬೇಕು.